ನೆಲಮನೆಯ ಕುಲಗೋತ್ರ

ಈ ಸಲ ರಂಜಾನು ಬೇಸಿಗೆಯ ನಡುಹೊಟ್ಟೆಗೆ ಬಂತು.
ಜುಫೇರಿನ ನಮ್ಮ ಹೋಟೆಲಿನ ಬಾರಿಗೆ ಬೀಗ,
ಕುರ್ಚಿಗಳು ಮೇಜಿನ ಮೇಲೆ ಕಾಲೆತ್ತಿ ಮಲಗಿವೆ.
ನಾನೊಬ್ಬಳು ಕೆಳಗೆ, ಹದಿಮೂರು ಡಿಗ್ರಿಯಲ್ಲಿ,
ಸ್ವೆಟರು ಹಾಕಿಕೊಂಡು ಬಾಟಲಿ ಎಣಿಸುತ್ತೇನೆ.
ಮೇಲೆ ನಲವತ್ತಾರು.

ಹಬ್ಬದ ಮರುದಿನ ಪರೀಕ್ಷೆ.
ತಿಂಗಳು ಪೂರ್ತಿ ಒಂದು ಹನಿಯೂ ಸುರಿಯುವಂತಿಲ್ಲ,
ಬೋರ್ಡೋದ ಬಳ್ಳಿಗಳನ್ನು ಬಾಯಿಪಾಠ ಮಾಡು,
ನಾಲಿಗೆ ಆಮೇಲೆ, ಅಂದಳು ಜಲ್ಫಾ ಮೇಡಂ.
ಲೆಬನಾನಿನ ಝಹ್ಲೆಯವಳು, ದ್ರಾಕ್ಷಿಯ ಊರಿನವಳು.
ನಾನೂ ದ್ರಾಕ್ಷಿಯ ಊರಿನವಳೇ ಅಂದೆ.
ತಿಕೋಟಾ ಅವಳ ನಕ್ಷೆಯಲ್ಲಿ ಸಿಗಲಿಲ್ಲ.

ಹೊಳೆಯ ಎಡದಂಡೆಗೆ ಕ್ಯಾಬರ್ನೆ ಸುವಿನ್ಯೋಂ.
ಗರಸಿನ ನೆಲ, ದಪ್ಪ ಸಿಪ್ಪೆ, ಬಿಗಿದ ಮುಖ,
ಹತ್ತು ವರ್ಷ ಕತ್ತಲಲ್ಲಿಟ್ಟರೆ ಮಾತಾಡುವ ಜಾತಿ.
ಬಲದಂಡೆಗೆ ಮೆರ್ಲೋ: ಜೇಡಿಮಣ್ಣು, ಬೇಗ ಹಣ್ಣಾಗುವ ಮೈ,
ಬಂದವರಿಗೆಲ್ಲ ಬಾ, ಕೂಡು ಅನ್ನುವವಳು.
ದಂಡೆ ಅಂದಕೂಡಲೆ ನನಗೆ ಡೋಣಿ.
ಡೋಣಿ ಹರಿದರ ಓಣೆಲ್ಲ ಜ್ವಾಳ ಅಂತಿದ್ದಳು ಆಯಿ;
ಉಪ್ಪುನೀರಿನ ಆ ಹೊಳೆಗೆ ಯಾರೂ
ಎಡ ಬಲ ಅಂತ ಬೆಲೆ ಕಟ್ಟಿದ್ದಿಲ್ಲ.

ಈ ಇಬ್ಬರಿಗೂ ಅಪ್ಪ ಒಬ್ಬನೇ, ಕ್ಯಾಬರ್ನೆ ಫ್ರಾಂ.
ತಾಯಂದಿರು ಬೇರೆ.
ಮಕ್ಕಳ ಹೆಸರು ದೊಡ್ಡದಾಯಿತು, ಅವನ ಪಾಲು
ನೂರಕ್ಕೆ ಹತ್ತು, ಕೆಲವೊಮ್ಮೆ ಐದು,
ಸಾರಿಗೆ ಹಾಕಿದ ಕೊತ್ತಂಬರಿಯ ವಾಸನೆಯಷ್ಟು.

ನಮ್ಮ ಮನೆಯಲ್ಲಿ ತಿರುಗಾಮುರುಗಾ.
ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರನ್ನು ಯಾರೋ ಮುಂದಕ್ಕೆ ತಳ್ಳಿದರು.
ಎದೆಯ ಮೇಲಿನ ಪಟ್ಟಿಯಲ್ಲಿ ಆರು ವರ್ಷದಿಂದ
ನಾನು ಗುರಪಾದಪ್ಪ.
ಮಿಸ್ ಗುರಪಾದ, ಐಸು. ಮಿಸ್ ಗುರಪಾದ, ಎರಡನೇ ಟೇಬಲ್ಲು.
ಒಣದ್ರಾಕ್ಷಿಯ ಶೆಡ್ಡಿನಲ್ಲಿ ಬೀಡಿ ಕಚ್ಚಿಕೊಂಡು
ಪೊಟ್ಯಾಷ್ ನೀರಿಗೆ ಗೊನೆ ಅದ್ದುವ ಆತನಿಗೆ ಗೊತ್ತೇ ಇಲ್ಲ
ದಿನಾ ಸಂಜೆ ಬಹರೇನಿನಲ್ಲಿ
ತನ್ನನ್ನು ಎಷ್ಟು ಜನ ಕೂಗುತ್ತಾರೆಂದು.

ಪೆಟಿ ವೆರ್ಡೋ: ತಡವಾಗಿ ಹಣ್ಣಾಗುತ್ತದೆ, ಒಮ್ಮೊಮ್ಮೆ ಆಗುವುದೇ ಇಲ್ಲ.
ಆದ ವರ್ಷ ಚಿಟಿಕೆ ಸಾಕು. ಇಂಗು.
ಮಾಲ್ಬೆಕ್: ಊರಲ್ಲಿ ಹಿಮ ಬಡಿದು ಕರಟಿದ,
ಅರ್ಜೆಂಟೀನಾಕ್ಕೆ ಹೋದವನು ಸಾಹುಕಾರನಾದ.
ಅಡುಗೆಮನೆಯಲ್ಲಿ ಇದನ್ನು ಹೇಳಿದರೆ
ಕುಂದಾಪುರದ ವಾದಿರಾಜ ಈರುಳ್ಳಿಯಿಂದ ತಲೆ ಎತ್ತದೆ ಕೇಳಿದ:
ಹೌದಾ? ಅವ್ನಿಗ್ ವೀಸಾ ಯಾರ್ ಕೊಟ್ಟದ್?

ಐದೇ ಸಾಕು ಅಂದಿದ್ದಳು ಜಲ್ಫಾ. ಪುಟದ ಅಡಿಯಲ್ಲಿ
ಸಣ್ಣಕ್ಷರದಲ್ಲಿ ಆರನೆಯದು: ಕಾರ್ಮೆನೇರ್.
ಬೇರಿಗೆ ಹೇನು ಹತ್ತಿ ಸತ್ತಿತೆಂದು ಊರವರು ಕೈತೊಳೆದುಕೊಂಡಿದ್ದರು.
ಅದು ಚಿಲಿಯಲ್ಲಿತ್ತು.
ಮೆರ್ಲೋ ಸಾಲಿನಲ್ಲಿ, ಮೆರ್ಲೋ ಎಂಬ ಹೆಸರಿನಲ್ಲಿ
ನೂರು ವರ್ಷ ನೀರು ಕುಡಿದು, ಕೊಯ್ಲಿಗೆ ಬಂದು,
ಕರೆದಾಗ ಓಗೊಟ್ಟು.
ಕಡೆಗೊಂದು ದಿನ ಯಾರೋ ಎಲೆ ತಿರುವಿ ನೋಡಿ
ಇದು ಅದಲ್ಲ ಅಂದರು.

ಆ ಸಾಲಿಗೆ ಬೆರಳಿಟ್ಟು ಬಹಳ ಹೊತ್ತು ಕೂತೆ.
ಎಲೆ ನೋಡುವುದು ನನಗೂ ಗೊತ್ತು.
ಸೋನಾಕಾ, ಮಾಣಿಕ್ ಚಮನ್ ಎಲ್ಲ ಥಾಮ್ಸನ್‌ನ ಮಕ್ಕಳೇ,
ಎಲೆಯಲ್ಲಿ ಮೋಸ ಹೋಗುತ್ತೇವೆ, ಕಾಯಿಯ ಉದ್ದಕ್ಕೆ ಕಾಯಬೇಕು.
ಚಾಟ್ನಿಯ ಕತ್ತರಿ ಹಿಡಿದು ಅಪ್ಪ ಹೇಳಿದ್ದು ಇಷ್ಟೇ:
ಅವಸರ ಮಾಡಬ್ಯಾಡ, ಹೆಸರು ತಾನ ಹೇಳತದ.

ಎಣಿಕೆಯ ಪುಸ್ತಕದಲ್ಲಿ, ಸಹಿಯ ಜಾಗದಲ್ಲಿ
ಇವತ್ತು ಸುಗಲಾ ಎಂದು ಬರೆದೆ.
ಆಮೇಲೆ ಕಾಟು ಹಾಕಿದೆ. ಸುಗಲಾ ಯಾರು ಅಂತ
ಲೆಕ್ಕದವರು ಸಂಬಳ ತಡೆದಾರು.

ಸಂಜೆ ಉಕ್ಕಿನ ಬಾಗಿಲು ದೂಡಿ ಮೇಲೆ ಬಂದರೆ
ಕನ್ನಡಕ ಪೂರ್ತಿ ಮಂಜು, ಏನೂ ಕಾಣದು.
ಎಲ್ಲೋ ತೋಪು ಹಾರಿತು.
ಗೇಟಿನ ಕಡೆಯಿಂದ ಶೇರ್‌ಜಮಾನನ ದನಿ:
ಗುರಪಾದಾ, ಖಜೂರ!
ಕುರುಡಿಯ ಹಾಗೆ ಕೈ ಚಾಚಿದೆ.
ಆತನದೊಂದು, ನನ್ನದೊಂದು,
ಎರಡು ತಗೊಂಡೆ.